ಕೃತ್ತಿಕೆಯ ದೂರದ ತಗಾದೆ: ಜೋಡಿ ನಕ್ಷತ್ರಗಳು ನುಡಿದ ಸಾಕ್ಷಿ

1997ರಲ್ಲಿ ಹಿಪಾರ್ಕೋಸ್ ಉಪಗ್ರಹದ ನಕ್ಷತ್ರಪಟ್ಟಿ ಹೊರಬಂತು. ಅದರ ಪ್ರಕಾರ ಕೃತ್ತಿಕಾ ತಾರಾಗುಚ್ಛ ನಮ್ಮಿಂದ ಸುಮಾರು 118 ಪಾರ್ಸೆಕ್ ದೂರದಲ್ಲಿದೆ. ಜ್ಯೋತಿರ್ವರ್ಷದಲ್ಲಿ ಹೇಳಿದರೆ 385. ಅಲ್ಲಿಯವರೆಗೆ ಖಗೋಳವಿಜ್ಞಾನಿಗಳು ಬಳಸಿಕೊಂಡು ಬಂದಿದ್ದ ದೂರ ಸುಮಾರು 132 ಪಾರ್ಸೆಕ್, ಅಂದರೆ 430 ಜ್ಯೋತಿರ್ವರ್ಷ. ನೂರಕ್ಕೆ ಹನ್ನೊಂದರಷ್ಟು ವ್ಯತ್ಯಾಸ. ಆಕಾಶದ ಅಳತೆಗಳಲ್ಲಿ ಹತ್ತು ಹನ್ನೊಂದು ಶೇಕಡಾ ಹೆಚ್ಚುಕಡಿಮೆ ಆಗುವುದು ಹೊಸದಲ್ಲ, ಬೇರೆ ಯಾವುದೋ ಗುಚ್ಛವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇದು ಕೃತ್ತಿಕೆ. ಬರಿಗಣ್ಣಿಗೆ ಆರೇಳು ತಾರೆಗಳಾಗಿ ಕಾಣುವ, ಎಣಿಸಿದರೆ ಸಾವಿರಕ್ಕೂ ಮೇಲ್ಪಟ್ಟು ಸದಸ್ಯರಿರುವ, ನಮಗೆ ತೀರ ಹತ್ತಿರದ ಗುಚ್ಛಗಳಲ್ಲೊಂದು. ದೂರದ ಎಷ್ಟೋ ಗುಚ್ಛಗಳ ದೂರವನ್ನು ಇದರ ಜೊತೆ ತಾಳೆ ಹಾಕಿಯೇ ಕಂಡುಕೊಳ್ಳುತ್ತಾರೆ. ಅಳತೆಗೋಲೇ ಹನ್ನೊಂದು ಶೇಕಡಾ ಕುಗ್ಗಿದೆ ಎಂದರೆ ಅದರಿಂದ ಅಳೆದದ್ದೆಲ್ಲದರ ಗತಿಯೇನು?

ತಗಾದೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಒಂದು ಕಡೆ ಉಪಗ್ರಹ, ಇನ್ನೊಂದು ಕಡೆ ನಕ್ಷತ್ರಗಳು ಹೇಗೆ ಉರಿಯುತ್ತವೆ ಎಂಬ ಸಿದ್ಧಾಂತ. ಎರಡಕ್ಕೂ ಮುಲಾಜು ತೋರಿಸಬೇಕಿಲ್ಲದ ಸಾಕ್ಷಿಗಳು ಸಿಕ್ಕಿದ್ದು ಗುಚ್ಛದ ಒಳಗೇ. ಅವು ಎರಡು ಜೋಡಿ ನಕ್ಷತ್ರಗಳು.

ಎರಡು ಪಕ್ಷಗಳ ವಾದ

ಹಿಪಾರ್ಕೋಸ್ ಕಡೆಯ ವಾದ ಸರಳ. ಭೂಮಿ ಸೂರ್ಯನ ಸುತ್ತ ಸುತ್ತುವಾಗ ನಾವು ನೋಡುವ ಜಾಗ ಬದಲಾಗುತ್ತದೆ. ಅದರ ಜೊತೆಗೆ ಹತ್ತಿರದ ನಕ್ಷತ್ರಗಳು ದೂರದವುಗಳ ಹಿನ್ನೆಲೆಯಲ್ಲಿ ಚೂರು ಸರಿದಾಡಿದಂತೆ ಕಾಣುತ್ತವೆ. ಇದೇ ಪ್ಯಾರಲಾಕ್ಸ್. ಸರಿದಾಟ ಎಷ್ಟು ಎಂದು ಅಳೆದರೆ ದೂರ ಎಷ್ಟು ಎಂದು ತಿಳಿಯುತ್ತದೆ. ಇಲ್ಲಿ ಊಹೆ ಇಲ್ಲ, ಸಿದ್ಧಾಂತ ಇಲ್ಲ, ಬರೀ ತ್ರಿಕೋನಮಿತಿ. ಹಿಪಾರ್ಕೋಸ್ ಒಂದು ಲಕ್ಷದ ಹದಿನೆಂಟು ಸಾವಿರಕ್ಕೂ ಹೆಚ್ಚು ನಕ್ಷತ್ರಗಳನ್ನು ಹೀಗೆ ಅಳೆಯಿತು, ಒಂದೊಂದರ ಅಳತೆಯಲ್ಲೂ ತಪ್ಪು ಒಂದು ಮಿಲಿಆರ್ಕ್‌ಸೆಕೆಂಡ್ ಆಸುಪಾಸು. ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ, ಮಿಲಿಆರ್ಕ್‌ಸೆಕೆಂಡ್ ಅದರಲ್ಲಿ ಸಾವಿರದ ಒಂದು ಪಾಲು. 1989ರ ಆಗಸ್ಟಿನಲ್ಲಿ ಹಾರಿಸಿದಾಗ ಎತ್ತರದ ಕಕ್ಷೆಗೆ ಏರಿಸಬೇಕಿದ್ದ ಮೋಟಾರು ಹೊತ್ತಿಕೊಳ್ಳಲೇ ಇಲ್ಲ. ಉಪಗ್ರಹ ಉದ್ದನೆಯ ತಪ್ಪು ಕಕ್ಷೆಯಲ್ಲೇ ಉಳಿಯಿತು. ಆದರೂ 1993ರವರೆಗೆ ದುಡಿದು ಇಷ್ಟು ಕೆಲಸ ಮಾಡಿತು. ಅಂಥ ಉಪಕರಣದ ಮೇಲೆ ಬೆರಳು ತೋರಿಸಲು ಧೈರ್ಯ ಬೇಕಿತ್ತು.

ಎದುರು ಪಕ್ಷದ ವಾದ ಹೀಗಿತ್ತು. ಒಂದು ಗುಚ್ಛದ ನಕ್ಷತ್ರಗಳೆಲ್ಲ ಒಂದೇ ಮೋಡದಿಂದ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದವು. ಅವುಗಳ ಬಣ್ಣವನ್ನು ಅಡ್ಡಕ್ಕೂ ಹೊಳಪನ್ನು ಉದ್ದಕ್ಕೂ ಇಟ್ಟು ನಕ್ಷೆ ಬರೆದರೆ, ಹೈಡ್ರೋಜನ್ ಉರಿಸುತ್ತಿರುವ ನಕ್ಷತ್ರಗಳು ಒಂದು ಓರೆ ಪಟ್ಟಿಯಲ್ಲಿ ಸಾಲುಗಟ್ಟುತ್ತವೆ. ಇದೇ ಮುಖ್ಯಶ್ರೇಣಿ. ನಿಜವಾದ ಹೊಳಪು ಗೊತ್ತಿರುವ ನಕ್ಷತ್ರಗಳ ಮುಖ್ಯಶ್ರೇಣಿಯನ್ನು ಕೃತ್ತಿಕೆಯದರ ಮೇಲೆ ಇಟ್ಟು, ಎರಡೂ ಕೂಡುವವರೆಗೆ ಮೇಲೆ ಕೆಳಗೆ ಸರಿಸಿದರೆ, ಎಷ್ಟು ಸರಿಸಿದೆವು ಎಂಬುದೇ ದೂರ. ಪಿನ್ಸನೋ ಮತ್ತು ಸಂಗಡಿಗರು 1998ರಲ್ಲಿ ಹೀಗೆ ಮಾಡಿ 132 ಪಾರ್ಸೆಕ್ ಎಂದರು. ಹಿಪಾರ್ಕೋಸ್ ಅಳತೆಯಲ್ಲಿ ಕೃತ್ತಿಕೆ ಇರುವ ಆಕಾಶದ ತುಂಡಿನಲ್ಲಿ ಒಂದು ಮಿಲಿಆರ್ಕ್‌ಸೆಕೆಂಡಿನಷ್ಟು ತಪ್ಪು ನುಸುಳಿದೆ ಎಂದು ನೇರವಾಗಿ ಆರೋಪಿಸಿದವರೂ ಅವರೇ.

ಹಿಪಾರ್ಕೋಸ್ ಸರಿ ಎಂದೇ ಇಟ್ಟುಕೊಳ್ಳೋಣ. ಆಗ ಕೃತ್ತಿಕೆಯ ನಕ್ಷತ್ರಗಳು ನಾವು ತಿಳಿದದ್ದಕ್ಕಿಂತ ನಮಗೆ ಹತ್ತಿರ. ಹತ್ತಿರವಿದ್ದೂ ಇಷ್ಟೇ ಹೊಳೆಯುತ್ತಿವೆ ಎಂದರೆ ನಿಜದಲ್ಲಿ ಅವು ಇಪ್ಪತ್ತು ಶೇಕಡಾ ಮಂಕು. ಅದೇ ಬಣ್ಣದ ಬೇರೆ ನಕ್ಷತ್ರಗಳಿಗಿಂತ ಇವು ಯಾಕೆ ಮಂಕಾದವು? ಲೋಹಾಂಶ (ಹೀಲಿಯಂಗಿಂತ ಭಾರವಾದ ಧಾತುಗಳ ಪಾಲು) ಕಡಿಮೆ ಇರಬಹುದೇ ಎಂದರೆ, ರೋಹಿತದಲ್ಲಿ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನಲ್ಲಿ, ನೋಡಿದರೆ ಹೆಚ್ಚುಕಡಿಮೆ ಸೂರ್ಯನಷ್ಟೇ ಇದೆ. ಹಾಗಾದರೆ ಹೀಲಿಯಂ ವಿಪರೀತ ಹೆಚ್ಚಿರಬೇಕು. ಈ ಉಷ್ಣತೆಯ ನಕ್ಷತ್ರಗಳಲ್ಲಿ ಹೀಲಿಯಂ ಅನ್ನು ನೇರವಾಗಿ ಅಳೆಯುವುದು ಕಷ್ಟ. ಹಾಗಾಗಿ ಹೊಣೆಯನ್ನೆಲ್ಲ ಅದರ ತಲೆಗೆ ಕಟ್ಟುವುದು ಸುಲಭ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಇದಾಗುತ್ತಿದೆಯೇ ಎಂಬ ಅನುಮಾನ ಆಗಲೇ ಹಲವರಿಗಿತ್ತು. ಅನುಮಾನವನ್ನು ಪುರಾವೆ ಎನ್ನಲಾಗದು, ಅಷ್ಟೆ.

ಇನ್ನೊಂದು ಸಂಗತಿ ಗೊಂದಲವನ್ನು ಹೆಚ್ಚಿಸಿತು. ಆಕಾಶದಲ್ಲಿ ಪಕ್ಕದಲ್ಲೇ ಕಾಣುವ ಹೈಯಡೀಸ್ ಗುಚ್ಛಕ್ಕೆ ಅದೇ ಹಿಪಾರ್ಕೋಸ್ ಕೊಟ್ಟ ದೂರ 46.3 ಪಾರ್ಸೆಕ್, ಅದು ಹಳೆಯ ಅಳತೆಗಳಿಗೆ ಚೆನ್ನಾಗಿ ಹೊಂದುತ್ತಿತ್ತು. ಅಲ್ಲಿ ಸರಿಯಾದ ಯಂತ್ರ ಇಲ್ಲಿ ಮಾತ್ರ ಎಡವಿತೇ?

ಮೊದಲು ಕಿಡಿಗೇಡಿ, ಆಮೇಲೆ ಸಾಕ್ಷಿ

ಜೋಡಿ ನಕ್ಷತ್ರಗಳು ಈ ಪ್ರಕರಣದೊಳಕ್ಕೆ ಬಂದದ್ದು ಸಾಕ್ಷಿಯಾಗಿ ಅಲ್ಲ, ಕಿಡಿಗೇಡಿಗಳಾಗಿ. ಒಂದರ ಸುತ್ತ ಒಂದು ಸುತ್ತುವ ಎರಡು ನಕ್ಷತ್ರಗಳು ಇಷ್ಟು ದೂರದಿಂದ ಸಾಮಾನ್ಯವಾಗಿ ಒಂದೇ ಚುಕ್ಕೆಯಾಗಿ ಕಾಣುತ್ತವೆ. ಎರಡೂ ಸಮಾನವಾಗಿದ್ದರೆ ಬಣ್ಣ ಬದಲಾಗುವುದಿಲ್ಲ, ಬೆಳಕು ಮಾತ್ರ ಇಮ್ಮಡಿಯಾಗುತ್ತದೆ. ನಕ್ಷೆಯಲ್ಲಿ ಆ ಚುಕ್ಕೆ ಮುಖ್ಯಶ್ರೇಣಿಯಿಂದ 0.75 ಕಾಂತಿಮಾನ (ಹೊಳಪಿನ ಅಳತೆ; ಅಂಕಿ ಇಳಿದಷ್ಟೂ ಹೊಳಪು ಹೆಚ್ಚು) ಮೇಲಕ್ಕೆ ಜಿಗಿದು ಕೂರುತ್ತದೆ. ಹಲವು ಗುಚ್ಛಗಳ ನಕ್ಷೆಯಲ್ಲಿ ಮುಖ್ಯಶ್ರೇಣಿಯ ಮೇಲೆ ಅದಕ್ಕೆ ಸಮಾಂತರವಾಗಿ ತೆಳುವಾದ ಎರಡನೇ ಸಾಲೊಂದು ಕಾಣುವುದು ಇದೇ ಕಾರಣಕ್ಕೆ. ಸಂಗಾತಿ ಚಿಕ್ಕದಾಗಿದ್ದರೆ ಜಿಗಿತವೂ ಚಿಕ್ಕದು, ಹಾಗಾಗಿ ಎರಡು ಸಾಲುಗಳ ನಡುವಿನ ಜಾಗವೂ ಚುಕ್ಕೆಗಳಿಂದ ತುಂಬಿಕೊಳ್ಳುತ್ತದೆ.

ಒಂದು ಸಮಾನ ಜೋಡಿಯನ್ನು ಒಂಟಿ ನಕ್ಷತ್ರ ಎಂದು ತಿಳಿದು ದೂರ ಲೆಕ್ಕ ಹಾಕಿದರೆ, 136 ಪಾರ್ಸೆಕ್ ಆಚೆ ಇರುವುದು 96 ಪಾರ್ಸೆಕ್ ಎಂದು ಬರುತ್ತದೆ. ಇಲ್ಲಿ ಜಗಳ ನಡೆಯುತ್ತಿದ್ದುದು ಕೇವಲ ಕಾಲು ಕಾಂತಿಮಾನದ ಮೇಲೆ. ಜೋಡಿಗಳನ್ನು ಸರಿಯಾಗಿ ಜರಡಿ ಹಿಡಿಯದೆ ಮುಖ್ಯಶ್ರೇಣಿ ಎಳೆದರೆ ಅದು ತನ್ನಷ್ಟಕ್ಕೆ ಮೇಲೇರುತ್ತದೆ, ಗುಚ್ಛ ಇದ್ದದ್ದಕ್ಕಿಂತ ಹತ್ತಿರ ಕಾಣುತ್ತದೆ. ಗಮನಿಸಿ: ಇದು ಹಿಪಾರ್ಕೋಸ್ ಕಡೆಗೇ ವಾಲುವ ತಪ್ಪು. ಜೋಡಿಗಳನ್ನು ಹೊರಗಿಟ್ಟಷ್ಟೂ ಗುಚ್ಛ ಇನ್ನೂ ದೂರ ಸರಿಯುತ್ತದೆ, ಜಗಳ ಇನ್ನೂ ಹಿಗ್ಗುತ್ತದೆ. ಹಾಗಾಗಿ "ನೀವು ಜೋಡಿಗಳನ್ನು ಸರಿಯಾಗಿ ತೆಗೆದಿಲ್ಲ" ಎಂಬ ಸಿದ್ಧ ಆಕ್ಷೇಪ ಇಲ್ಲಿ ಹಿಪಾರ್ಕೋಸ್ ಪಕ್ಷಕ್ಕೆ ಉಪಯೋಗಕ್ಕೆ ಬರಲಿಲ್ಲ.

ಜೋಡಿಗೂ ಗುಚ್ಛಕ್ಕೂ ಇರುವ ನಂಟು ಇವತ್ತಿನದಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. 1767ರಲ್ಲಿ ಜಾನ್ ಮಿಚೆಲ್ ಎಂಬ ಇಂಗ್ಲಿಷ್ ಪಾದ್ರಿ ಒಂದು ಲೆಕ್ಕ ಹಾಕಿದರು. ಕೃತ್ತಿಕೆಯ ಆರು ಪ್ರಖರ ತಾರೆಗಳು ಆಕಸ್ಮಿಕವಾಗಿ ಇಷ್ಟು ಒತ್ತಾಗಿ ಕಾಣುವ ಸಾಧ್ಯತೆ ಐದು ಲಕ್ಷಕ್ಕೆ ಒಂದು. ಆದ್ದರಿಂದ ಅವು ನಿಜವಾಗಿಯೂ ಒಟ್ಟಿಗಿವೆ ಎಂದರು. ಅದೇ ಲೇಖನದಲ್ಲಿ ಅದೇ ತರ್ಕದಿಂದ, ಆಕಾಶದಲ್ಲಿ ಕಾಣುವ ಜೋಡಿಗಳಲ್ಲಿ ಹೆಚ್ಚಿನವು ಕಣ್ಣಿನ ಭ್ರಮೆಯಲ್ಲ, ಗುರುತ್ವದಿಂದ ಬೆಸೆದುಕೊಂಡವು ಎಂದೂ ವಾದಿಸಿದರು. ವಿಲಿಯಂ ಹರ್ಷೆಲ್ ಕೆಲವು ಜೋಡಿಗಳು ನಿಜಕ್ಕೂ ಸುತ್ತುತ್ತಿವೆ ಎಂದು ತೋರಿಸಿದ್ದು 1803ರಲ್ಲಿ. ಅಂದರೆ ಗುಚ್ಛ ಮತ್ತು ಜೋಡಿ, ಎರಡು ಕಲ್ಪನೆಗಳೂ ಒಂದೇ ಲೇಖನದಲ್ಲಿ ಪುರಾವೆ ಪಡೆದವು, ಅದೂ ಕೃತ್ತಿಕೆಯ ನೆಪದಲ್ಲಿ.

ಜೋಡಿ ನಕ್ಷತ್ರಕ್ಕೆ ಸಾಕ್ಷಿಯ ಅರ್ಹತೆ ಎಲ್ಲಿಂದ ಬಂತು? ಒಂಟಿ ನಕ್ಷತ್ರವನ್ನು ತೂಗಲು ತಕ್ಕಡಿ ಇಲ್ಲ. ಬಣ್ಣ, ಹೊಳಪು ನೋಡಿ, ಸಿದ್ಧಾಂತವನ್ನು ಕೇಳಿ, ಇಷ್ಟಿರಬೇಕು ಎನ್ನುತ್ತೇವೆ. ಸಿದ್ಧಾಂತವೇ ಕಟಕಟೆಯಲ್ಲಿ ನಿಂತಾಗ ಅದನ್ನೇ ಕೇಳುವ ಹಾಗಿಲ್ಲ. ಜೋಡಿಯಲ್ಲಿ ಹಾಗಲ್ಲ. ಒಂದು ಇನ್ನೊಂದನ್ನು ಎಷ್ಟು ಬಲವಾಗಿ ಎಳೆಯುತ್ತಿದೆ ಎಂಬುದು ಸುತ್ತಾಟದಲ್ಲೇ ಬರೆದಿದೆ. ತೂಕವೂ ಅದರಲ್ಲೇ, ಕಕ್ಷೆಯ ಅಳತೆಯೂ ಅದರಲ್ಲೇ, ದೂರವೂ ಅದರಲ್ಲೇ. ಹೈಯಡೀಸ್‌ನಲ್ಲಿ ಈ ವಿದ್ಯೆಯ ಪರೀಕ್ಷೆ ಆಗಲೇ ಆಗಿತ್ತು: ಗಿಲೆರ್ಮೊ ಟೊರೆಸ್ ಮತ್ತು ಸಂಗಡಿಗರು 1997ರಲ್ಲಿ ಅಲ್ಲಿಯ ಜೋಡಿಗಳ ಕಕ್ಷೆಯಿಂದ ತೆಗೆದ ದೂರ ಹಿಪಾರ್ಕೋಸ್‌ಗೆ ಹೊಂದಿತ್ತು. ವಿದ್ಯೆ ಸರಿ ಇತ್ತು, ಕೃತ್ತಿಕೆಯಲ್ಲಿ ತಕ್ಕ ಜೋಡಿ ಬೇಕಿತ್ತು.

ಮೊದಲ ಸಾಕ್ಷಿ: ಅಟ್ಲಾಸ್

ಕೃತ್ತಿಕೆಯ ಆಕಾರ ಪುಟ್ಟ ಸೌಟಿನಂತೆ. ಅದರ ಹಿಡಿಯ ತುದಿಯಲ್ಲಿರುವುದು ಅಟ್ಲಾಸ್, ಗುಚ್ಛದ ಎರಡನೇ ಪ್ರಖರ ತಾರೆ. ಒಂದೇ ಚುಕ್ಕೆಯಾಗಿ ಕಂಡರೂ ಅದು ಜೋಡಿ. ಸಂಗಾತಿಯ ಬೆಳಕು ದೊಡ್ಡಣ್ಣನದರ ಐದನೇ ಒಂದು ಪಾಲಿನಷ್ಟು. ಎರಡರ ಕಕ್ಷೆಯ ಅರ್ಧ ಅಗಲ 13 ಮಿಲಿಆರ್ಕ್‌ಸೆಕೆಂಡ್. ಒಂದು ಸೆಂಟಿಮೀಟರ್ ಅಗಲದ ವಸ್ತುವನ್ನು 160 ಕಿಲೋಮೀಟರ್ ಆಚೆಯಿಂದ ನೋಡಿದರೆ ಕಾಣುವ ಕೋನ ಅದು. ಸಾಮಾನ್ಯ ದೂರದರ್ಶಕಕ್ಕೆ ಇದು ಎಟುಕದು. ಅಮೆರಿಕದ ಪಾಲೋಮಾರ್ ಬೆಟ್ಟದ ಮೇಲೆ 110 ಮೀಟರ್‌ವರೆಗೆ ಅಂತರದಲ್ಲಿಟ್ಟ ಪುಟ್ಟ ದೂರದರ್ಶಕಗಳ ಬೆಳಕನ್ನು ಒಂದಕ್ಕೊಂದು ಕೂಡಿಸುವ ಇಂಟರ್‌ಫೆರಾಮೀಟರ್ ಒಂದಿತ್ತು. ಅದರ ಜೊತೆಗೆ ಮೌಂಟ್ ವಿಲ್ಸನ್‌ನಲ್ಲಿದ್ದ ಹಳೆಯ ಮಾರ್ಕ್-3 ಇಂಟರ್‌ಫೆರಾಮೀಟರಿನ ಅಳತೆಗಳನ್ನೂ ಸೇರಿಸಿ ಪ್ಯಾನ್, ಶಾವೊ ಮತ್ತು ಶ್ರೀನಿವಾಸ ಕುಲಕರ್ಣಿ ಅಟ್ಲಾಸಿನ ಕಕ್ಷೆಯನ್ನು ಬಿಡಿಸಿದರು. ಒಂದು ಸುತ್ತಿಗೆ 291 ದಿನ. ಫಲಿತಾಂಶ 2004ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು.

ಇಲ್ಲಿಂದ ಮುಂದಿನದನ್ನು ಕಾಗದ ಪೆನ್ನು ಹಿಡಿದು ಯಾರು ಬೇಕಾದರೂ ಮಾಡಬಹುದು. ಕೆಪ್ಲರ್‌ನ ನಿಯಮ: ಎರಡರ ನಡುವಿನ ಸರಾಸರಿ ಅಂತರವನ್ನು ಖಗೋಳಮಾನದಲ್ಲಿ ಬರೆದು (ಭೂಮಿ-ಸೂರ್ಯರ ನಡುವಿನ ದೂರ ಒಂದು ಖಗೋಳಮಾನ) ಅದರ ಘನವನ್ನು ತೆಗೆದುಕೊಳ್ಳಿ, ಅವಧಿಯನ್ನು ವರ್ಷದಲ್ಲಿ ಬರೆದು ಅದರ ವರ್ಗದಿಂದ ಭಾಗಿಸಿ, ಬಂದದ್ದು ಜೋಡಿಯ ಒಟ್ಟು ದ್ರವ್ಯರಾಶಿ, ಸೂರ್ಯನ ಲೆಕ್ಕದಲ್ಲಿ. 291 ದಿನ ಎಂದರೆ 0.797 ವರ್ಷ, ಅದರ ವರ್ಗ 0.635. ಅಂತರ ಬೇಕಾದರೆ ಕೋನವನ್ನು ದೂರದಿಂದ ಗುಣಿಸಬೇಕು (ಕೋನ ಆರ್ಕ್‌ಸೆಕೆಂಡಿನಲ್ಲಿ, ದೂರ ಪಾರ್ಸೆಕ್‌ನಲ್ಲಿ ಇದ್ದರೆ ಉತ್ತರ ಖಗೋಳಮಾನದಲ್ಲೇ ಬರುತ್ತದೆ). ಅಂದರೆ ದೂರ ಯಾವುದು ಎಂಬ ಪ್ರಶ್ನೆ ಇಲ್ಲಿ ನೇರವಾಗಿ ಬಂದು ಕೂರುತ್ತದೆ.

ಹಿಪಾರ್ಕೋಸ್ ಹೇಳಿದ 118 ಪಾರ್ಸೆಕ್ ಹಾಕಿ ನೋಡಿ. ಕೋನ 13 ಮಿಲಿಆರ್ಕ್‌ಸೆಕೆಂಡ್, ಅಂದರೆ 0.013 ಆರ್ಕ್‌ಸೆಕೆಂಡ್. ಅದನ್ನು 118ರಿಂದ ಗುಣಿಸಿದರೆ 1.53 ಖಗೋಳಮಾನ. ಘನ 3.6. ಭಾಗಿಸಿದರೆ ಒಟ್ಟು ದ್ರವ್ಯರಾಶಿ 5.7 ಸೂರ್ಯ. ಈಗ 134 ಹಾಕಿ. ಅಂತರ 1.74, ಘನ 5.3, ದ್ರವ್ಯರಾಶಿ 8.3 ಸೂರ್ಯ. ದೂರ ಬದಲಾದದ್ದು ಹದಿನಾಲ್ಕು ಶೇಕಡಾ, ತೂಕ ಬದಲಾದದ್ದು ನಲವತ್ತಾರು ಶೇಕಡಾ. ಘನದ ಮಹಿಮೆ.

ಈ ಜೋಡಿಯ ಬೆಳಕಿನ ಲೆಕ್ಕ ಬೇರೆ ರೀತಿ ನಡೆಯುತ್ತದೆ. ನಮಗೆ ಕಾಣುವ ಹೊಳಪು ಇಷ್ಟೇ ಎಂದು ಗೊತ್ತಿರುವಾಗ ನಿಜವಾದ ಬೆಳಕು ದೂರದ ವರ್ಗಕ್ಕೆ ಅನುಗುಣ. 134ರಿಂದ 118ಕ್ಕೆ ಎಳೆದು ತಂದರೆ ಬೆಳಕು ಇಪ್ಪತ್ತೆರಡು ಶೇಕಡಾ ಇಳಿಯುತ್ತದೆ, ತೂಕ ಮೂವತ್ತೆರಡು ಶೇಕಡಾ ಇಳಿಯುತ್ತದೆ. ಆದರೆ ನಕ್ಷತ್ರದ ಬೆಳಕು ಅದರ ತೂಕಕ್ಕೆ ತೀರ ಸೂಕ್ಷ್ಮ: ಸ್ಥೂಲವಾಗಿ ದ್ರವ್ಯರಾಶಿಯ ಮೂರೂವರೆ ಘಾತದಂತೆ ಏರಿಳಿಯುತ್ತದೆ. ತೂಕ ಅಷ್ಟು ಇಳಿದರೆ ಬೆಳಕು ಕಾಲು ಭಾಗಕ್ಕೆ ಕುಸಿಯಬೇಕು. ಕಾಲು ಭಾಗಕ್ಕೆ ಕುಸಿಯಬೇಕಾದದ್ದು ಇಲ್ಲಿ ಕಾಲು ಭಾಗದಷ್ಟೂ ಇಳಿದಿಲ್ಲ. 118 ಪಾರ್ಸೆಕ್‌ನಲ್ಲಿ ಇಡುವುದಾದರೆ ಅಟ್ಲಾಸ್ ತನ್ನ ತೂಕಕ್ಕೆ ಹೊಂದದಷ್ಟು ಪ್ರಖರ ನಕ್ಷತ್ರವಾಗಿಬಿಡುತ್ತದೆ.

ಇದರಲ್ಲೊಂದು ತಮಾಷೆ ಇದೆ. ಹಿಪಾರ್ಕೋಸ್ ದೂರದಲ್ಲಿ ಗುಚ್ಛದ ಸಾಮಾನ್ಯ ನಕ್ಷತ್ರಗಳು ತಮ್ಮ ಬಣ್ಣಕ್ಕೆ ಹೋಲಿಸಿದರೆ ತೀರ ಮಂಕು. ಅದೇ ದೂರದಲ್ಲಿ ಅಟ್ಲಾಸ್ ತನ್ನ ತೂಕಕ್ಕೆ ಹೋಲಿಸಿದರೆ ತೀರ ಪ್ರಖರ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಇದೇ. ಎರಡು ಬೇರೆ ಬೇರೆ ದಾರಿಯ ಲೆಕ್ಕಗಳು ಬೇರೆ ಬೇರೆ ರೀತಿಯಲ್ಲಿ ಕೆಟ್ಟು, ದೂರವನ್ನು ಹೆಚ್ಚಿಸಿದಾಗ ಎರಡೂ ಒಟ್ಟಿಗೆ ಸರಿಹೋಗುತ್ತವೆ ಎಂದರೆ ದೋಷ ದೂರದಲ್ಲೇ ಇರಬೇಕು. ಪ್ಯಾನ್ ತಂಡ ಕೊಟ್ಟ ಉತ್ತರ 133ರಿಂದ 137 ಪಾರ್ಸೆಕ್. ಏನೇ ಜಗ್ಗಾಡಿದರೂ 127ಕ್ಕಿಂತ ಕಡಿಮೆ ಇರಲಾರದು ಎಂದೂ ಹೇಳಿದರು.

ಆದರೆ ಕಟುವಾಗಿ ನೋಡುವವರಿಗೆ ಇಲ್ಲೊಂದು ಬಿರುಕು ಕಾಣುತ್ತದೆ. ತೂಕಕ್ಕೂ ಬೆಳಕಿಗೂ ಇರುವ ಸಂಬಂಧವನ್ನು ಬಳಸಿದ್ದೀರಿ, ಅದೂ ನಕ್ಷತ್ರಗಳ ತಿಳಿವಳಿಕೆಯಿಂದಲೇ ಬಂದದ್ದಲ್ಲವೇ, ಆರೋಪಿಯನ್ನೇ ಸಾಕ್ಷಿ ಮಾಡಿದಿರಲ್ಲ ಎನ್ನಬಹುದು. ಅದನ್ನು ಮುಚ್ಚಲು ಬೇಕಿದ್ದದ್ದು ವೇಗ. ಎರಡು ನಕ್ಷತ್ರಗಳೂ ಕಕ್ಷೆಯಲ್ಲಿ ಸೆಕೆಂಡಿಗೆ ಎಷ್ಟು ಕಿಲೋಮೀಟರ್ ಓಡುತ್ತಿವೆ ಎಂದು ರೋಹಿತರೇಖೆಗಳ ಸರಿದಾಟದಿಂದ ಅಳೆದರೆ, ವೇಗವನ್ನು ಅವಧಿಯಿಂದ ಗುಣಿಸಿ ಕಕ್ಷೆಯ ಅಳತೆ ಕಿಲೋಮೀಟರ್‌ನಲ್ಲೇ ಸಿಗುತ್ತದೆ. ಕೋನದಲ್ಲೂ ಗೊತ್ತು, ಕಿಲೋಮೀಟರ್‌ನಲ್ಲೂ ಗೊತ್ತು, ಭಾಗಿಸಿದರೆ ದೂರ. ಯಾವ ಸಿದ್ಧಾಂತದ ಸಾಲವೂ ಬೇಡ. ತೊಡಕು ಏನೆಂದರೆ ಅಟ್ಲಾಸಿನ ದೊಡ್ಡ ನಕ್ಷತ್ರ ಬುಗುರಿಯಂತೆ ರಭಸದಿಂದ ತನ್ನ ಸುತ್ತ ತಿರುಗುತ್ತದೆ, ಹಾಗಾಗಿ ಅದರ ರೋಹಿತರೇಖೆಗಳು ಅಗಲವಾಗಿ ಹರಡಿಕೊಂಡು ಮಸುಕಾಗಿರುತ್ತವೆ. ಹರಡಿದ ರೇಖೆಯ ನಡುಬಿಂದು ಎಲ್ಲಿದೆ ಎಂದು ಹೇಳುವುದು, ಅದರೊಳಗೇ ಹುದುಗಿದ ಸಂಗಾತಿಯ ರೇಖೆಯನ್ನು ಬೇರ್ಪಡಿಸುವುದು ತಾಳ್ಮೆಯ ಕೆಲಸ. ಝ್ವಾಲೆನ್ ಮತ್ತು ಸಂಗಡಿಗರು ಅದೇ 2004ರಲ್ಲಿ ಅದನ್ನು ಮಾಡಿ ಮುಗಿಸಿದರು. ತೂಕಗಳು 4.7 ಮತ್ತು 3.4 ಸೂರ್ಯ, ದೂರ 132 ಪಾರ್ಸೆಕ್, ತಪ್ಪಿನ ಅಂದಾಜು 4 ಪಾರ್ಸೆಕ್. ಪ್ಯಾನ್ ತಂಡದ್ದಕ್ಕಿಂತ ತಪ್ಪಿನ ಅಂದಾಜು ದೊಡ್ಡದು. ಆದರೂ ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕೇ, ಯಾಕೆಂದರೆ ಇದು ಯಾರ ಹಂಗಿನಲ್ಲೂ ಇಲ್ಲ.

ಎರಡನೇ ಸಾಕ್ಷಿ: ಎಚ್‌ಡಿ 23642

ಈ ತಾರೆಗೆ ಪುರಾಣದ ಹೆಸರಿಲ್ಲ, ಪಟ್ಟಿಯ ಸಂಖ್ಯೆ ಮಾತ್ರ. ಕಾಂತಿಮಾನ 6.8, ಬೈನಾಕ್ಯುಲರ್ ಇದ್ದರೆ ಸಾಕು ಕಾಣುತ್ತದೆ. ಜೋಡಿ ಎಂದು 1950ರ ದಶಕದಿಂದಲೇ ಗೊತ್ತಿತ್ತು, 2.46 ದಿನಕ್ಕೊಂದು ಸುತ್ತು. ಇದರ ಎರಡು ನಕ್ಷತ್ರಗಳು ನಮ್ಮ ನೋಟದ ಸಾಲಿನಲ್ಲಿ ಒಂದನ್ನೊಂದು ಸ್ವಲ್ಪ ಮರೆಮಾಡುತ್ತವೆ, ಅಂದರೆ ಗ್ರಹಣ ಹಿಡಿಯುತ್ತದೆ ಎಂಬುದು ಬಹುಕಾಲ ಯಾರ ಗಮನಕ್ಕೂ ಬಿದ್ದಿರಲಿಲ್ಲ. ಗ್ರಹಣ ಅಷ್ಟು ತೆಳು, ಬೆಳಕು ಹತ್ತರಲ್ಲಿ ಒಂದು ಪಾಲೂ ಇಳಿಯುವುದಿಲ್ಲ. 2003ರಲ್ಲಿ ಟೊರೆಸ್ ಅದನ್ನು ಪ್ರಕಟಿಸಿದಾಗ ಬಳಸಿದ ದತ್ತಾಂಶ ಎಲ್ಲಿಯದು? ಹಿಪಾರ್ಕೋಸ್‌ನದೇ. ಸ್ಥಾನದ ಜೊತೆಗೆ ಪ್ರತಿ ನಕ್ಷತ್ರದ ಹೊಳಪನ್ನೂ ಆ ಉಪಗ್ರಹ ಮತ್ತೆ ಮತ್ತೆ ದಾಖಲಿಸಿತ್ತು. ತನ್ನ ದೂರಕ್ಕೆ ಎದುರಾಗಿ ನಿಲ್ಲುವ ಸಾಕ್ಷಿಯನ್ನು ತಾನೇ ಹುಡುಕಿಕೊಟ್ಟಂತಾಯಿತು.

ಗ್ರಹಣ ಹಿಡಿಯುವ ಜೋಡಿಯಲ್ಲಿ ಕೋನ ಅಳೆಯಬೇಕಿಲ್ಲ, ದಾರಿ ಬೇರೆ. ಎರಡು ನಕ್ಷತ್ರಗಳ ವೇಗ ಸೆಕೆಂಡಿಗೆ ಸುಮಾರು 100 ಮತ್ತು 140 ಕಿಲೋಮೀಟರ್, ಒಂದಕ್ಕೊಂದು ಎದುರು ದಿಕ್ಕಿನಲ್ಲಿ. ಕೂಡಿದರೆ 240. ಈ ವೇಗದಲ್ಲಿ 2.46 ದಿನ ಓಡಿದರೆ 5.1 ಕೋಟಿ ಕಿಲೋಮೀಟರ್. ಅದು ವೃತ್ತದ ಸುತ್ತಳತೆ. 2πಯಿಂದ ಭಾಗಿಸಿ, ಕಕ್ಷೆ ನಮ್ಮೆಡೆಗೆ ಚೂರು ವಾಲಿರುವುದಕ್ಕೆ ಸರಿಪಡಿಸಿದರೆ ಎರಡರ ನಡುವಿನ ಅಂತರ 83 ಲಕ್ಷ ಕಿಲೋಮೀಟರ್. ಸೂರ್ಯನಿಂದ ಬುಧ ಇರುವ ದೂರದ ಏಳನೇ ಒಂದು ಪಾಲು. ಗ್ರಹಣ ಎಷ್ಟು ಹೊತ್ತು ಇರುತ್ತದೆ, ಎಷ್ಟು ಆಳ ಎಂಬುದರಿಂದ ಆ ಅಂತರಕ್ಕೆ ಹೋಲಿಸಿ ನಕ್ಷತ್ರಗಳ ಗಾತ್ರ ತಿಳಿಯುತ್ತದೆ: ದೊಡ್ಡದರ ತ್ರಿಜ್ಯ ಸೂರ್ಯನ 1.8 ಪಟ್ಟು, ಚಿಕ್ಕದರದ್ದು 1.5 ಪಟ್ಟು. ಗಾತ್ರ ಗೊತ್ತು, ಮೇಲ್ಮೈ ಎಷ್ಟು ಬಿಸಿ ಎಂದು ರೋಹಿತದಿಂದ ಗೊತ್ತು, ಹಾಗಾದರೆ ಒಟ್ಟು ಎಷ್ಟು ಬೆಳಕು ಚೆಲ್ಲುತ್ತದೆ ಎಂದೂ ಗೊತ್ತು. ನಮಗೆ ತಲುಪುತ್ತಿರುವ ಬೆಳಕಿನ ಜೊತೆ ಹೋಲಿಸಿದರೆ ದೂರ.

ಮುನಾರಿ ತಂಡ 2004ರಲ್ಲಿ ಇದರಿಂದ ತೆಗೆದದ್ದು 132 ಪಾರ್ಸೆಕ್, ಎರಡು ಪಾರ್ಸೆಕ್ ಹೆಚ್ಚುಕಡಿಮೆ. ಮರುವರ್ಷ ಸೌತ್‌ವರ್ತ್ ತಂಡ ಅದೇ ಜೋಡಿಯಿಂದ 139 ತೆಗೆಯಿತು, ನಾಲ್ಕು ಹೆಚ್ಚುಕಡಿಮೆ. ಒಂದೇ ಜೋಡಿ, ಏಳು ಪಾರ್ಸೆಕ್ ಅಂತರ! ಈ ಸಾಕ್ಷಿಯ ದೌರ್ಬಲ್ಯ ಇಲ್ಲಿ ಬಯಲಾಗುತ್ತದೆ. ದೂರವು ಉಷ್ಣತೆಯ ವರ್ಗಕ್ಕೆ ಅನುಗುಣ, ಉಷ್ಣತೆಯಲ್ಲಿ ಎರಡು ಶೇಕಡಾ ತಪ್ಪಿದರೆ ದೂರದಲ್ಲಿ ನಾಲ್ಕು ಶೇಕಡಾ ತಪ್ಪುತ್ತದೆ. ಗ್ರಹಣ ತೆಳುವಾಗಿದ್ದರೆ ಗಾತ್ರವೂ ಜಾರುತ್ತದೆ. ನಡುವಿನ ಧೂಳು ಎಷ್ಟು ಬೆಳಕು ತಿಂದಿತು ಎಂಬುದನ್ನೂ ಸೇರಿಸಬೇಕು. ಅಷ್ಟಾದರೂ ಎರಡೂ ತಂಡಗಳು 118ರ ಹತ್ತಿರ ಸುಳಿಯಲಿಲ್ಲ. ಅಟ್ಲಾಸ್ ಜ್ಯಾಮಿತಿಯ ಸಾಕ್ಷಿ, ಇದು ಬೆಳಕಿನ ಸಾಕ್ಷಿ. ಒಂದರಲ್ಲಿ ನುಸುಳಬಹುದಾದ ತಪ್ಪುಗಳಲ್ಲಿ ಹೆಚ್ಚಿನವು ಇನ್ನೊಂದರಲ್ಲಿ ನುಸುಳುವ ದಾರಿಯೇ ಇಲ್ಲ. ಇಬ್ಬರು ಸಾಕ್ಷಿಗಳು ಮೊದಲೇ ಮಾತಾಡಿಕೊಂಡು ಬಂದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಡ.

ಒಪ್ಪದವರು, ಮತ್ತೆ ಒಪ್ಪಿಸಿದವರು

ಪ್ರಕರಣ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಎರಡೇ ಎರಡು ಜೋಡಿಗಳು, ಅವು ಗುಚ್ಛದ ಹಿಂಬದಿಯಲ್ಲಿ ಕೂತಿದ್ದರೆ ಎಂಬುದು ಸಹಜವಾದ ಪ್ರಶ್ನೆ. ಅದಕ್ಕೆ ಉತ್ತರ ಗುಚ್ಛದ ಗಾತ್ರದಲ್ಲೇ ಇದೆ: ಕೃತ್ತಿಕೆಯ ಬಹುಪಾಲು ತಾರೆಗಳು ಕೇಂದ್ರದಿಂದ ಕೆಲವೇ ಪಾರ್ಸೆಕ್ ಒಳಗಿವೆ. ಅಟ್ಲಾಸ್‌ನಂಥ ಭಾರಿ ನಕ್ಷತ್ರ ಸಾಮಾನ್ಯವಾಗಿ ನಡುವಿಗೇ ಇಳಿದಿರುತ್ತದೆ. ಹದಿನಾಲ್ಕು ಹದಿನಾರು ಪಾರ್ಸೆಕ್ ಹಿಂದೆ ಹೋಗಿ ನಿಂತಿದ್ದರೆ ಅದನ್ನು ಗುಚ್ಛದ ಸದಸ್ಯ ಎನ್ನುವುದೇ ಕಷ್ಟ. 2005ರಲ್ಲಿ ಸೋಡರ್‌ಬ್ಲೊಮ್ ಮತ್ತು ಸಂಗಡಿಗರು ಹಬಲ್ ದೂರದರ್ಶಕದಿಂದ ಮೂರು ಸದಸ್ಯ ನಕ್ಷತ್ರಗಳ ಪ್ಯಾರಲಾಕ್ಸ್ ಅಳೆದು ಸುಮಾರು 134 ಪಾರ್ಸೆಕ್ ಎಂದರು.

ಹಿಪಾರ್ಕೋಸ್ ದತ್ತಾಂಶವನ್ನು ಮೊದಲಿನಿಂದ ಮತ್ತೆ ಸಂಸ್ಕರಿಸಿದ ಫ್ಲೋರ್ ವಾನ್ ಲೀವೆನ್ 2009ರಲ್ಲಿ ಕೊಟ್ಟ ದೂರ 120 ಪಾರ್ಸೆಕ್, ತಪ್ಪಿನ ಅಂದಾಜು ಎರಡಕ್ಕಿಂತ ಕಡಿಮೆ. ಅಂದರೆ ಜೋಡಿಗಳು ಸಾಕ್ಷಿ ನುಡಿದು ಐದು ವರ್ಷವಾದ ಮೇಲೂ ಉಪಗ್ರಹದ ಪಕ್ಷ ತನ್ನ ಮಾತಿಗೆ ಅಂಟಿಕೊಂಡಿತ್ತು. ಇದನ್ನು ಹಟ ಎಂದು ತಳ್ಳಿಹಾಕುವುದು ಸರಿಯಲ್ಲ. ಅವರ ವಾದಕ್ಕೂ ತೂಕವಿತ್ತು: ನೂರಾರು ಗುಚ್ಛಸದಸ್ಯರಲ್ಲಿ ಎರಡು ಮೂರನ್ನು ಆರಿಸಿ ತೀರ್ಪು ಕೊಡುವುದಕ್ಕಿಂತ ಹಲವಾರು ನಕ್ಷತ್ರಗಳ ಸರಾಸರಿ ಮೇಲು ಎಂಬುದು ಸಾಮಾನ್ಯವಾಗಿ ನಿಜ. ಆದರೆ ಸರಾಸರಿ ತಪ್ಪನ್ನು ಅಳಿಸುವುದು ಆ ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಚೆಲ್ಲಾಡಿದ್ದರೆ ಮಾತ್ರ. ಆಕಾಶದ ಒಂದು ಸಣ್ಣ ತುಂಡಿನಲ್ಲಿ ಒತ್ತಾಗಿರುವ, ಅದರಲ್ಲೂ ಕೆಲವು ತೀರ ಪ್ರಖರವಾಗಿರುವ ನಕ್ಷತ್ರಗಳ ಅಳತೆಯಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ವಾಲಿದರೆ, ಐವತ್ತನ್ನು ಕೂಡಿಸಿದರೂ ಅದೇ ತಪ್ಪು ಐವತ್ತು ಸಲ ಬರೆದಂತೆ.

2014ರಲ್ಲಿ ಕಾರ್ಲ್ ಮೆಲಿಸ್ ಮತ್ತು ಸಂಗಡಿಗರು ಭೂಮಿಯಷ್ಟು ಅಗಲಕ್ಕೆ ಹರಡಿದ ರೇಡಿಯೊ ದೂರದರ್ಶಕಗಳನ್ನು ಒಟ್ಟು ಸೇರಿಸಿ, ಗುಚ್ಛದ ಕೆಲವು ಎಳೆಯ ಚಟುವಟಿಕೆಯ ನಕ್ಷತ್ರಗಳ ಪ್ಯಾರಲಾಕ್ಸ್ ಅಳೆದರು. ಉತ್ತರ 136.2 ಪಾರ್ಸೆಕ್, 1.2 ಹೆಚ್ಚುಕಡಿಮೆ. 2013ರ ಡಿಸೆಂಬರಿನಲ್ಲಿ ಹಾರಿದ್ದ ಗಾಯಾ ಉಪಗ್ರಹದ ಎರಡನೇ ದತ್ತಾಂಶ 2018ರ ಏಪ್ರಿಲಿನಲ್ಲಿ ಬಂದಾಗ ಸಾವಿರಕ್ಕೂ ಹೆಚ್ಚು ಸದಸ್ಯರ ಸರಾಸರಿಯಿಂದ ಸಿಕ್ಕಿದ್ದು ಸುಮಾರು 136, ಅಂದರೆ 444 ಜ್ಯೋತಿರ್ವರ್ಷ. ಹಿಪಾರ್ಕೋಸ್‌ನ ಉತ್ತರಾಧಿಕಾರಿಯೇ ಹಿಪಾರ್ಕೋಸ್‌ನ ಅಂಕಿಯನ್ನು ತಿದ್ದಿತು. ಅಟ್ಲಾಸ್ ಹದಿನಾಲ್ಕು ವರ್ಷ ಮೊದಲೇ ಕೊಟ್ಟಿದ್ದ 133-137ರ ಒಳಗೇ ಅದು ಬಿದ್ದಿತ್ತು.

ದೂರ ಗೊತ್ತಾದ ಮೇಲೆ

ಈಗ ಲೆಕ್ಕ ತಿರುಗಿಬಿದ್ದಿದೆ. ಮೊದಲು ಜೋಡಿಯಿಂದ ದೂರ ತೆಗೆಯುತ್ತಿದ್ದರು; ಈಗ ದೂರ ಖಚಿತವಾದ್ದರಿಂದ ಜೋಡಿಯ ಮೂಲಕ ಸಿದ್ಧಾಂತವನ್ನೇ ಪರೀಕ್ಷಿಸಬಹುದು. ಗುಚ್ಛದೊಳಗಿನ ಜೋಡಿಗೆ ಗುಚ್ಛದ ಹೊರಗಿನ ಜೋಡಿಗಿಲ್ಲದ ಅನುಕೂಲ ಇಲ್ಲಿದೆ: ಅದರ ವಯಸ್ಸು, ಲೋಹಾಂಶ, ದೂರ ಎಲ್ಲವೂ ನೂರಾರು ಒಡಹುಟ್ಟುಗಳಿಂದ ಗೊತ್ತು. ಕೃತ್ತಿಕೆಯ ವಯಸ್ಸು ಸುಮಾರು ಹನ್ನೆರಡು ಕೋಟಿ ವರ್ಷ. ತೂಕ, ಗಾತ್ರಗಳನ್ನು ಜೋಡಿಯಿಂದ ಅಳೆದು, ಈ ವಯಸ್ಸಿಗೆ ಇಷ್ಟು ಗಾತ್ರ ಇರಬೇಕು ಎಂಬ ಸಿದ್ಧಾಂತದ ಮಾತಿನ ಪಕ್ಕದಲ್ಲಿಟ್ಟರೆ ಹೊಂದಬೇಕು. ಹೊಂದದಿದ್ದರೆ ಈ ಸಲ ದೂರದ ಮೇಲೆ ಗೂಬೆ ಕೂರಿಸುವಂತಿಲ್ಲ.

2015ರಲ್ಲಿ ಕೆಪ್ಲರ್ ದೂರದರ್ಶಕ ತನ್ನ ಎರಡನೇ ಬಾಳಿನಲ್ಲಿ ಕೃತ್ತಿಕೆಯತ್ತ ತಿರುಗಿ ವಾರಗಟ್ಟಲೆ ರೆಪ್ಪೆ ಮಿಟುಕಿಸದೆ ನೋಡಿತು. ಎಚ್‌ಡಿ 23642ರ ತೆಳು ಗ್ರಹಣಗಳು ಈ ಸಲ ಗೆರೆ ಕೊರೆದಷ್ಟು ಸ್ಪಷ್ಟವಾಗಿ ಬಂದವು. ಜೊತೆಗೆ ಹೊಸ ಗ್ರಹಣಜೋಡಿಗಳೂ ಸಿಕ್ಕವು. ಅವುಗಳಲ್ಲೊಂದರಲ್ಲಿ ಎರಡೂ ಸೂರ್ಯನ ಮೂರನೇ ಒಂದು ಭಾಗದಷ್ಟೂ ತೂಕವಿಲ್ಲದ ಕೆಂಪು ಕುಬ್ಜರು, ಸುಮಾರು 33 ದಿನಕ್ಕೊಂದು ಸುತ್ತು. ಇಷ್ಟು ಹಗುರ ನಕ್ಷತ್ರಗಳು ಈ ಪ್ರಾಯದಲ್ಲಿ ಎಷ್ಟು ದೊಡ್ಡವಿರುತ್ತವೆ ಎಂಬುದಕ್ಕೆ ನೇರವಾದ ಅಳತೆಗಳು ತೀರ ವಿರಳ.

ಕಿಡಿಗೇಡಿತನವೂ ಮುಗಿದಿಲ್ಲ. ಸಂಗಾತಿಯ ಎಳೆತಕ್ಕೆ ಓಲಾಡುವ ನಕ್ಷತ್ರದ ಓಲಾಟ ಕೆಲವೊಮ್ಮೆ ಪ್ಯಾರಲಾಕ್ಸ್‌ನ ಸರಿದಾಟದೊಳಗೇ ಬೆರೆತುಹೋಗುತ್ತದೆ, ಅವಧಿ ಒಂದು ವರ್ಷದ ಹತ್ತಿರವಿದ್ದರಂತೂ ಎರಡನ್ನೂ ಬಿಡಿಸುವುದು ಬಹಳ ಕಷ್ಟ. ಗುಚ್ಛದ ದೂರ ಲೆಕ್ಕ ಹಾಕುವವರು ಗಾಯಾ ಪಟ್ಟಿಯಲ್ಲಿ ಒಂಟಿ ನಕ್ಷತ್ರದ ಲೆಕ್ಕಕ್ಕೆ ಒಗ್ಗದ ಚುಕ್ಕೆಗಳನ್ನು ಮೊದಲು ಜರಡಿ ಹಿಡಿದು ಬದಿಗಿಡುತ್ತಾರೆ. ಬದಿಗಿಟ್ಟ ಆ ರಾಶಿಯನ್ನು ಜೋಡಿಗಳ ಬೆನ್ನು ಹತ್ತಿದವರು ಎತ್ತಿಕೊಂಡು ಹೋಗುತ್ತಾರೆ.